ಬಂಡೆಗೊಂದು, ಎರೆಗೊಂದು ಬೂಟು

ಪ್ರಶ್ನೆ: ಮಾನ್ಯರೇ, ಈ ಚಳಿಗಾಲದಲ್ಲಿ ಆನೆಗೊಂದಿಯ ಬೆಟ್ಟಗಳು, ದರೋಜಿಯ ಸುತ್ತಲಿನ ಕುರುಚಲು ಕಾಡಿನ ಅಂಚು ಮತ್ತು ಸಂಡೂರಿನ ಗುಡ್ಡಗಳಲ್ಲಿ ಗೆಳೆಯರೊಡನೆ ಪಕ್ಷಿ ವೀಕ್ಷಣೆಗೆ ಓಡಾಡಬೇಕೆಂದಿದ್ದೇನೆ. ಹೊರದೇಶದ ಬೇಟೆಗಾರರು ಹಾಕುವ ಬೂಟುಗಳು ಎಲ್ಲ ನೆಲಕ್ಕೂ ಎಲ್ಲ ಹವೆಗೂ ಒಗ್ಗುತ್ತವೆ, ವರ್ಷಗಟ್ಟಲೆ ಬಾಳುತ್ತವೆ ಎಂದು ಕೇಳಿದ್ದೇನೆ. ದುಬಾರಿಯಾದರೂ ಅಂಥದೇ ಒಂದು ಜೊತೆ ಕೊಳ್ಳುವುದು ಒಳ್ಳೆಯದೇ?
– ಓದುಗರು, ಗಂಗಾವತಿ

ಉತ್ತರ: ಬೇಡ. ಆ ಬೂಟುಗಳಲ್ಲಿ ಬಹುಪಾಲು, ಚಳಿಯಲ್ಲಿ ಒಂದೇ ಕಡೆ ಗಂಟೆಗಟ್ಟಲೆ ಅಲುಗಾಡದೆ ಕುಳಿತು ಪ್ರಾಣಿಗಾಗಿ ಕಾಯುವವರ ಕಾಲನ್ನು ಬೆಚ್ಚಗಿಡಲು ಮಾಡಿದವು. ಅವುಗಳ ಮೇಲೆ 400 ಗ್ರಾಂ, 800 ಗ್ರಾಂ ಎಂದು ಬರೆದಿರುವುದು ಬೂಟಿನ ತೂಕವಲ್ಲ, ಒಳಗೆ ಹಾಕಿದ ಬೆಚ್ಚನೆಯ ಪದರದ ಒಂದು ಚದರ ಮೀಟರಿನ ತೂಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಚಳಿಗಾಲದಲ್ಲೂ ಮಧ್ಯಾಹ್ನದ ಬಿಸಿಲು ಚುರುಕಾಗಿಯೇ ಇರುವ ನಮ್ಮ ಸೀಮೆಯಲ್ಲಿ ಅಂಥ ಬೂಟು ಹಾಕಿಕೊಂಡರೆ ಕಾಲು ಬೆವರಿನಲ್ಲಿ ನೆನೆದು, ಮೆತ್ತಗಾದ ಚರ್ಮದ ಮೇಲೆ ಗುಳ್ಳೆಗಳೇಳುತ್ತವೆ. ನೀರು ತಡೆಯುವ ಒಳಪೊರೆಯೂ ಇದೇ ಕಾರಣಕ್ಕೆ ನಿಮಗೆ ಅನಗತ್ಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಅಪರಾಧವಾಗಿರುವುದರಿಂದ, ಈ ನೆಲಕ್ಕೆಂದೇ ಬೇಟೆಯ ಬೂಟನ್ನು ರೂಪಿಸುವ ಕಾರಣವೇ ಇಲ್ಲ ಎಂಬುದನ್ನೂ ಗಮನಿಸಿ.

ನಿಮ್ಮ ಕಾಲಿಗೆ ಮುಖ್ಯ ಶತ್ರು ನೀರಲ್ಲ, ಮುಳ್ಳು. ನಮ್ಮ ಸೀಮೆಯ ಊರಿನ ಹೆಸರನ್ನೇ ಹೊತ್ತಿರುವ ಬಳ್ಳಾರಿ ಜಾಲಿಯ ಒಣಮುಳ್ಳು ಮೆತ್ತನೆಯ ಓಟದ ಶೂಗಳ ಅಟ್ಟೆಯನ್ನು ಸಲೀಸಾಗಿ ತೂರಿ ಬರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಬೂಟನ್ನು ಕೈಗೆತ್ತಿಕೊಂಡು ಬಾಗಿಸಿ ನೋಡಿ: ಅದು ಬೆರಳುಗಳ ಬುಡದಲ್ಲಿ ಮಾತ್ರ ಬಾಗಬೇಕು, ನಡುವೆ ಮಡಚಬಾರದು, ಬಟ್ಟೆ ಹಿಂಡಿದಂತೆ ತಿರುಚಲು ಬರಬಾರದು. ಗಣಿ ಕೆಲಸಗಾರರು ಹಾಕುವ, ಐಎಸ್ 15298 ಎಂಬ ಭಾರತೀಯ ಮಾನಕದ ಸುರಕ್ಷಾ ಶೂಗಳಲ್ಲಿ ‘ಪಿ’ ಗುರುತಿದ್ದರೆ ಅಟ್ಟೆಯೊಳಗೆ ಮೊಳೆ ತಡೆಯುವ ಪದರವಿದೆ ಎಂದರ್ಥ. ಅಗ್ಗವೆಂದು ಅವನ್ನೇ ಹಾಕಿಕೊಂಡು ಗುಡ್ಡ ಹತ್ತುವವರಿದ್ದಾರೆ. ಮುಳ್ಳಿಗೆ ಅವು ಸರಿ, ಆದರೆ ಇಳಿಜಾರಿನಲ್ಲಿ ಬೆರಳುಗಳು ಮುಂಭಾಗದ ಉಕ್ಕಿನ ಟೋಪಿಗೆ ಬಡಿಯುತ್ತವೆ. ಮೇಲಾಗಿ ಕಾಲಿಗೆ ಕಟ್ಟಿದ ಭಾರವು ಬೆನ್ನ ಮೇಲಿನ ಅಷ್ಟೇ ಭಾರಕ್ಕಿಂತ ಹಲವು ಪಟ್ಟು ಹೆಚ್ಚು ದಣಿಸುತ್ತದೆ. ನಾನಾದರೆ ಕಣಕಾಲು ಮುಚ್ಚುವ, ಗಟ್ಟಿ ಅಟ್ಟೆಯ, ಉಕ್ಕಿಲ್ಲದ ಚಾರಣದ ಬೂಟನ್ನೇ ಆರಿಸುತ್ತೇನೆ. ಬಂಡೆಗಳ ಸಂದಿನಲ್ಲಿ ಕಾಲು ಉಳುಕುವುದನ್ನು ಅದು ಸ್ವಲ್ಪಮಟ್ಟಿಗೆ ತಪ್ಪಿಸುತ್ತದೆ, ಉರಿಮಂಡಲ, ಕೊಳಕುಮಂಡಲದಂಥ ವಿಷದ ಹಾವುಗಳಿರುವ ನೆಲದಲ್ಲಿ ಪಾದಕ್ಕೆ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ. ಆದರೆ ಅದನ್ನೇ ನಂಬಿ ಪೊದೆಗೆ ಕಾಲಿಡಬೇಡಿ.

ಅಟ್ಟೆಯ ಹಲ್ಲುಗಳ ವಿಷಯದಲ್ಲಿ ಎರಡು ನೆಲಗಳ ಬೇಡಿಕೆ ತೀರ ವಿರುದ್ಧ. ಆನೆಗೊಂದಿಯ ನುಣುಪು ಕಣಶಿಲೆಗೆ (ಗ್ರಾನೈಟ್) ಮೆದು ರಬ್ಬರಿನ, ಒತ್ತೊತ್ತಾದ ಗಿಡ್ಡ ಹಲ್ಲುಗಳ ಅಟ್ಟೆ ಅಂಟಿಕೊಳ್ಳುತ್ತದೆ; ಸಂಡೂರಿನ ಜಲ್ಲಿ ಮತ್ತು ಕೆಂಪು ಮಣ್ಣಿನ ಇಳಿಜಾರಿಗೆ ಆಳವಾದ, ಅಗಲ ಸಂದುಗಳ ಹಲ್ಲು ಬೇಕು. ಒಂದೇ ಜೊತೆ ಕೊಳ್ಳುವುದಾದರೆ ನಡುವಿನದನ್ನು ಆರಿಸಿ. ಮಳೆ ಬಿದ್ದ ರಾಯಚೂರು ಕಡೆಯ ಕಪ್ಪು ಮಣ್ಣಿನ ಎರೆಹೊಲಕ್ಕೆ ಮಾತ್ರ ಯಾವ ಚಾರಣದ ಬೂಟೂ ನಡೆಯದು. ಹೆಜ್ಜೆಗೊಂದು ಪದರದಂತೆ ಮಣ್ಣು ಮೆತ್ತಿ ಕಾಲು ಎತ್ತಲಾಗದಂತಾಗುತ್ತದೆ, ಅಲ್ಲಿಗೆ ಅಗ್ಗದ ಗಮ್‌ಬೂಟೇ ಸರಿ.

ಅಳತೆ ನೋಡಲು ಸಂಜೆ ಹೋಗಿ, ಏಕೆಂದರೆ ದಿನವಿಡೀ ನಡೆದ ಪಾದ ಊದಿಕೊಂಡಿರುತ್ತದೆ. ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಅದು ಹತ್ತಿಯದಾಗಿರದೆ ಉಣ್ಣೆ ಅಥವಾ ಬೇಗ ಒಣಗುವ ಮಿಶ್ರ ನೂಲಿನದಾಗಿರಲಿ. ಲೇಸು ಬಿಗಿದು ಮೆಟ್ಟಿಲಿಳಿದಾಗ ಹೆಬ್ಬೆರಳು ಮುಂದಕ್ಕೆ ತಾಗಬಾರದು, ಹತ್ತಿದಾಗ ಹಿಮ್ಮಡಿ ಮೇಲೇಳಬಾರದು. ಬ್ರಾಂಡು, ಬೆಲೆಗಳೆಲ್ಲ ಇವೆರಡರ ನಂತರದ ಮಾತು.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಕೊಂಡ ಬೂಟನ್ನು ಹೆಚ್ಚು ಬಳಸದೆ ಡಬ್ಬಿಯಲ್ಲಿಯೇ ಜೋಪಾನವಾಗಿ ಇಟ್ಟಿದ್ದೆ. ಈಚೆಗೆ ಹಾಕಿಕೊಂಡು ಹೊರಟರೆ ಅಟ್ಟೆ ಪುಡಿಪುಡಿಯಾಗಿ ಉದುರಿತು. ಕಳಪೆ ಮಾಲು ಕೊಟ್ಟರೇ?
– ಓದುಗರು, ಸಿಂಧನೂರು

ಉತ್ತರ: ಹಾಗೆನ್ನಲಾಗದು. ಅನೇಕ ಬೂಟುಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಎಂಬ ಹಗುರ ವಸ್ತುವಿರುತ್ತದೆ. ಗಾಳಿಯ ತೇವಾಂಶ ಅದನ್ನು ನಿಧಾನವಾಗಿ ಒಡೆಯುತ್ತದೆ, ಸೆಕೆ ಹೆಚ್ಚಿದಷ್ಟೂ ಆ ಕೆಲಸ ಬೇಗ ಸಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟು ಕಾಪಾಡಿದ ಜೊತೆ, ದಿನವೂ ಮೆಟ್ಟಿದ ಜೊತೆಗಿಂತ ಮೊದಲೇ ಹಾಳಾಗುವುದುಂಟು. ಇನ್ನು ಮುಂದೆ ಕೊಳ್ಳುವಾಗ ಅಟ್ಟೆ ಪೂರ್ತಿ ರಬ್ಬರಿನದೇ ಎಂದು ವಿಚಾರಿಸಿ, ಗಾಳಿಯಾಡುವ ಕಡೆ ಇಡಿ, ಆಗಾಗ ಹಾಕಿಕೊಂಡು ಓಡಾಡಿ. ಈಗಿನ ಬೂಟಿನ ಮೇಲ್ಭಾಗದ ತೊಗಲು ಚೆನ್ನಾಗಿದ್ದು, ಅಟ್ಟೆಯನ್ನು ಹೊಲಿದು ಕೂಡಿಸಿದ್ದರೆ, ಪಾದರಕ್ಷೆ ರಿಪೇರಿ ಮಾಡುವವರಿಂದ ಹೊಸ ರಬ್ಬರ್ ಅಟ್ಟೆ ಹಾಕಿಸಬಹುದು. ಅಚ್ಚಿನಲ್ಲಿ ಹೊಯ್ದು ಕೂಡಿಸಿದ ಅಟ್ಟೆಯಾದರೆ ಅದಕ್ಕೆ ಹಣ ಹಾಕಬೇಡಿ.