ಮನೆಯ ವಿಳಾಸವೇ ಶಾಲೆಯ ಶುಲ್ಕ

ದಾವಣಗೆರೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರ: “ಅಮೆರಿಕದ ಶಿಕ್ಷಣದಲ್ಲಿ ಅಸಮಾನತೆ ಇದೆಯೆಂಬ ನಿಮ್ಮ ಕಳೆದ ಸಂಚಿಕೆಯ ಲೇಖನ ಓದಿ ನಗು ಬಂತು. ಟೆಕ್ಸಸ್‌ನ ಪ್ಲೇನೋದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದಿದ್ದೇನೆ. ಮೊಮ್ಮಗಳು ಓದುವುದು ಸರ್ಕಾರಿ ಶಾಲೆಯಲ್ಲಿ. ಒಂದು ಡಾಲರ್ ಫೀಸಿಲ್ಲ, ಪುಸ್ತಕ ಉಚಿತ, ಗ್ರಂಥಾಲಯ ನಮ್ಮ ಕಾಲೇಜುಗಳಲ್ಲೂ ಇಲ್ಲದಂಥದ್ದು. ಸಾಲದ್ದಕ್ಕೆ, ಅಳಿಯ ಕಟ್ಟುವ ಮನೆ ಕಂದಾಯದಲ್ಲಿ ಒಂದು ಪಾಲು ಬೇರೆ ಊರುಗಳ ಶಾಲೆಗಳಿಗೆ ಹೋಗುತ್ತದೆಂದು ಅವನ ಗೊಣಗಾಟ. ಇಷ್ಟಾದ ಮೇಲೂ ಓದದವರು ಓದಲು ಮನಸ್ಸಿಲ್ಲದವರು, ಅಷ್ಟೇ. ನಮ್ಮ ಮಕ್ಕಳು ಅಲ್ಲಿ ಮುಂದೆ ಬಂದಿಲ್ಲವೇ?”

ಮೇಷ್ಟರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ಲೇಖನದಲ್ಲಿ ಶೇಕಡಾವಾರು ಲೆಕ್ಕಗಳನ್ನು ಮೂಟೆಗಟ್ಟಲೆ ಸುರಿದಿದ್ದೆವು. ಹೀಗೇಕಾಯಿತು ಎಂಬುದನ್ನು ಮಾತ್ರ ಹೇಳಿರಲಿಲ್ಲ. ನೀವು ಪತ್ರದಲ್ಲಿ ಬರೆದಿರುವ ಕಂದಾಯದ ಮಾತು ಅದರ ಬುಡಕ್ಕೇ ಕೈಹಾಕಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನೀವು ಬರಗಾಲದ ಹಳ್ಳಿಯಲ್ಲಿ ಪಾಠ ಮಾಡಿದ್ದರೂ ಜಿಲ್ಲಾ ಕೇಂದ್ರದಲ್ಲಿ ಮಾಡಿದ್ದರೂ ಮೂಲ ವೇತನ ಒಂದೇ. ಅದು ಬರುತ್ತಿದ್ದುದು ರಾಜ್ಯದ ಖಜಾನೆಯಿಂದ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಶಾಲೆ ನಡೆಸುವುದು ‘ಶಾಲಾ ಜಿಲ್ಲೆ’ ಎಂಬ ಸ್ಥಳೀಯ ಸಂಸ್ಥೆ. ದೇಶದ ಒಟ್ಟು ಲೆಕ್ಕದಲ್ಲಿ ಶಾಲೆಗಳ ಹಣದ ಹತ್ತಿರ ಹತ್ತಿರ ಅರ್ಧದಷ್ಟು ಸ್ಥಳೀಯವಾಗಿಯೇ ಹುಟ್ಟಬೇಕು, ಅದೂ ಮುಖ್ಯವಾಗಿ ಮನೆ ಮತ್ತು ಜಮೀನಿನ ಕಂದಾಯದಿಂದ. ರಾಜ್ಯ ಸರ್ಕಾರಗಳು ಹೆಚ್ಚುಕಡಿಮೆ ಅಷ್ಟೇ ಕೊಡುತ್ತವೆ. ವಾಷಿಂಗ್ಟನ್ನಿನ ಕೇಂದ್ರ (ಫೆಡರಲ್) ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದಕ್ಕೂ ಕಡಿಮೆ. ಅಂದಮೇಲೆ ಮನೆಗಳ ಬೆಲೆ ಹೆಚ್ಚಿರುವ ಕಡೆ ಶಾಲೆ ತಾನಾಗಿ ಹೊಳೆಯುತ್ತದೆ. ನಿಮ್ಮ ಮಗಳು ಅಳಿಯ ಮನೆ ಹುಡುಕುವಾಗ ಮೊದಲು ಶಾಲೆಗಳ ಶ್ರೇಯಾಂಕ ನೋಡಿದ್ದರೇ ಎಂದು ಒಮ್ಮೆ ಕೇಳಿ ನೋಡಿ. ನಾನು ಬಲ್ಲ ಅಮೆರಿಕದ ಕನ್ನಡಿಗರಲ್ಲಿ ಹಾಗೆ ನೋಡದವರು ಒಬ್ಬರೂ ಇಲ್ಲ. ಶಾಲೆಗೆ ಫೀಸಿಲ್ಲ ನಿಜ. ಅದನ್ನು ಮನೆಯ ಕ್ರಯದಲ್ಲಿ ಮೊದಲೇ ಕಟ್ಟಿ ಆಗಿರುತ್ತದೆ.

ಈಗ ಅಳಿಯಂದಿರ ಗೊಣಗಾಟಕ್ಕೆ ಬರೋಣ. ಅದರ ಹಿಂದೆ ಅದೇ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದ ಕಥೆಯಿದೆ. 1968ರ ಮೇ ತಿಂಗಳಲ್ಲಿ ಅಲ್ಲಿನ ಎಜ್‌ವುಡ್ ಹೈಸ್ಕೂಲಿನ ಸುಮಾರು 400 ವಿದ್ಯಾರ್ಥಿಗಳು ತರಗತಿ ಬಿಟ್ಟು ಮೆರವಣಿಗೆ ಹೊರಟರು. ಒಡೆದ ಕಿಟಕಿ, ಶಿಥಿಲ ಕಟ್ಟಡ, ಅರ್ಹತೆಯಿಲ್ಲದ ಶಿಕ್ಷಕರು ಅವರ ದೂರು. ಅಲ್ಲಿದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮೆಕ್ಸಿಕನ್ ಮೂಲದವರು. ವಾಯುಪಡೆಯ ನೆಲೆಯಲ್ಲಿ ತಗಡು ಕೆಲಸ ಮಾಡುತ್ತಿದ್ದ ಡಿಮೆಟ್ರಿಯೊ ರೊಡ್ರಿಗಸ್ ಮತ್ತು ಇತರ ಪೋಷಕರು ಆ ವರ್ಷವೇ ನ್ಯಾಯಾಲಯಕ್ಕೆ ಹೋದರು.

ಅಲ್ಲಿ ಹೊರಬಿದ್ದ ಲೆಕ್ಕವನ್ನು, ನಿಮಗೆ ಗಣಿತ ಕಲಿಸಿದ ಅಭ್ಯಾಸವಿದ್ದರೆ, ನಿಧಾನವಾಗಿ ಓದಿ. ಎಜ್‌ವುಡ್ ಶಾಲಾ ಜಿಲ್ಲೆಯಲ್ಲಿ 100 ಡಾಲರ್ ಬೆಲೆಯ ಆಸ್ತಿಗೆ 1 ಡಾಲರ್ 5 ಸೆಂಟ್ ಕಂದಾಯ. ಅದೇ ಊರಿನ ಶ್ರೀಮಂತ ಬಡಾವಣೆ ಅಲಾಮೊ ಹೈಟ್ಸ್‌ನಲ್ಲಿ 85 ಸೆಂಟ್. ಬಡವರು ಹೆಚ್ಚಿನ ದರದಲ್ಲಿ ಕಂದಾಯ ಕಟ್ಟುತ್ತಿದ್ದರು. ಆದರೂ ಅವರ ಕಂದಾಯದಿಂದ ಒಂದು ಮಗುವಿಗೆ ದಕ್ಕುತ್ತಿದ್ದುದು 26 ಡಾಲರ್. ಅಲಾಮೊ ಹೈಟ್ಸ್‌ನ ಮಗುವಿಗೆ 333. ರಾಜ್ಯ, ಕೇಂದ್ರಗಳ ನೆರವೆಲ್ಲ ಸೇರಿದ ಮೇಲೂ 356ಕ್ಕೆ 594. ‘ಓದಲು ಮನಸ್ಸಿಲ್ಲದವರು’ ಎಂದು ಬರೆದಿದ್ದೀರಿ. ಮಕ್ಕಳ ಶಾಲೆಗಾಗಿ ನೆರೆಯವರಿಗಿಂತ ಹೆಚ್ಚಿನ ದರದ ಕಂದಾಯ ಹೊತ್ತವರ ಬಗ್ಗೆ ಆ ಮಾತು ಹೇಗೆ ಹೊಂದುತ್ತದೆ?

ಇನ್ನು ಆ ಬಡಾವಣೆಗಳು ಬಡವಾಗಿಯೇ ಉಳಿದದ್ದೇಕೆ? 1930ರ ದಶಕದಲ್ಲಿ ಫೆಡರಲ್ ಸರ್ಕಾರದ ಗೃಹಸಾಲ ಸಂಸ್ಥೆಯೇ ನಗರಗಳ ನಕ್ಷೆ ತಯಾರಿಸಿ, ಕಪ್ಪು ಜನರು ಮತ್ತು ಬಡ ವಲಸಿಗರು ಇರುವ ಭಾಗಗಳಿಗೆ ಕೆಂಪು ಬಣ್ಣ ಬಳಿಯಿತು: ಇಲ್ಲಿ ಸಾಲ ಕೊಡುವುದು ಅಪಾಯ ಎಂದು. ಮನೆಯ ಕ್ರಯಪತ್ರದಲ್ಲೇ ‘ಬಿಳಿಯರಲ್ಲದವರಿಗೆ ಮಾರತಕ್ಕದ್ದಲ್ಲ’ ಎಂದು ಬರೆಸುತ್ತಿದ್ದರು. 1948ರವರೆಗೂ ಕೋರ್ಟುಗಳು ಆ ಷರತ್ತನ್ನು ಜಾರಿ ಮಾಡಿಸುತ್ತಿದ್ದವು. ‘ಕೇರಿ’ ಎಂಬ ಮಾತಿನ ತೂಕ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1973ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ರೊಡ್ರಿಗಸ್ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣವು ಅಮೆರಿಕದ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕಲ್ಲ ಎಂಬುದು ಅದರ ತಿರುಳು. 1954ರಲ್ಲಿ ಕಪ್ಪು ಮಕ್ಕಳ ಪರವಾಗಿ ವಾದಿಸಿ ಶಾಲೆಗಳ ವರ್ಣಭೇದದ ವಿರುದ್ಧ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಅಷ್ಟರಲ್ಲಿ ಅದೇ ಪೀಠದ ನ್ಯಾಯಮೂರ್ತಿ. ಅವರು ಭಿನ್ನಮತ ಬರೆದರು. ಎಜ್‌ವುಡ್‌ನವರು ಮತ್ತೆ ರಾಜ್ಯದ ನ್ಯಾಯಾಲಯಗಳಲ್ಲಿ ಹೋರಾಡಿ 1989ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಿನಲ್ಲಿ ಸರ್ವಾನುಮತದಿಂದ ಗೆದ್ದರು. ಅದರ ಫಲ, ಶ್ರೀಮಂತ ಶಾಲಾ ಜಿಲ್ಲೆಗಳ ಕಂದಾಯದ ಒಂದು ಪಾಲನ್ನು ಬಡ ಜಿಲ್ಲೆಗಳಿಗೆ ಹಂಚುವ 1993ರ ಕಾನೂನು. ಜನ ಅದಕ್ಕೆ ಇಟ್ಟ ಅಡ್ಡಹೆಸರು ‘ರಾಬಿನ್ ಹುಡ್’. ಅಳಿಯಂದಿರ ಕಂದಾಯದ ಆ ಪಾಲು ಹೋಗುವುದು ಈ ದಾರಿಯಲ್ಲಿ.

‘ನಮ್ಮ ಮಕ್ಕಳು’ ಎಂದಿರಿ. ಅಮೆರಿಕದಲ್ಲಿರುವ ಭಾರತೀಯ ಮೂಲದ ವಯಸ್ಕರಲ್ಲಿ ಸುಮಾರು ನಾಲ್ಕಕ್ಕೆ ಮೂವರು ಪದವೀಧರರು. ಇಡೀ ದೇಶದಲ್ಲಿ ಆ ಪ್ರಮಾಣ ಮೂವರಿಗೆ ಒಬ್ಬರಿಗಿಂತ ತುಸು ಹೆಚ್ಚು. ಹೆಮ್ಮೆಯ ವಿಷಯವೇ. ಆದರೆ 1965ರ ವಲಸೆ ಕಾನೂನು ಮತ್ತು ಆಮೇಲಿನ ವೀಸಾ ನಿಯಮಗಳು ಓದಿದವರನ್ನೇ ಸೋಸಿ ಕರೆದುಕೊಂಡವು. ನಿಮ್ಮ ಶಾಲೆಯ ಮೊದಲ ಬೆಂಚಿನವರನ್ನಷ್ಟೇ ಆರಿಸಿ ಬೇರೆ ಶಾಲೆಗೆ ಕಳುಹಿಸಿ, ಅಲ್ಲಿನ ಇಡೀ ತರಗತಿಯ ಸರಾಸರಿಯೊಡನೆ ಹೋಲಿಸಿದರೆ ನೀವೇ ಒಪ್ಪುತ್ತಿರಲಿಲ್ಲ.

ಹಣವೊಂದೇ ಸಾಲದು ಎಂದು ನೀವು ವಾದಿಸಬಹುದು. 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ ಸರ್ಕಾರಿ ವರದಿಯೂ ಮನೆಯ ಹಿನ್ನೆಲೆಯೇ ಶಾಲೆಗಿಂತ ದೊಡ್ಡದು ಎಂದಿತ್ತು. ಆದರೆ ಕೋರ್ಟುಗಳ ಆದೇಶದಿಂದ ಶಾಲೆಗಳಿಗೆ ಹಣ ಹೆಚ್ಚಿದ ಕಡೆಗಳನ್ನು ಅಭ್ಯಸಿಸಿದ ಮೂವರು ಅರ್ಥಶಾಸ್ತ್ರಜ್ಞರು 2016ರಲ್ಲಿ ಕಂಡದ್ದು ಬೇರೆ: ಹನ್ನೆರಡು ವರ್ಷವೂ ಖರ್ಚು ಶೇ 10ರಷ್ಟು ಹೆಚ್ಚಿದ್ದಲ್ಲಿ ಬಡ ಮಕ್ಕಳು ಸುಮಾರು ಅರ್ಧ ವರ್ಷ ಹೆಚ್ಚು ಓದಿದರು, ದೊಡ್ಡವರಾದ ಮೇಲೆ ಅವರ ಕೂಲಿಯೂ ಸುಮಾರು ಶೇ 10ರಷ್ಟು ಏರಿತು. ಕಾಲೇಜಿನ ಬಾಗಿಲಲ್ಲಿ ಮತ್ತೊಂದು ಜರಡಿಯಿದೆ. ಪ್ರವೇಶ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದರೂ, ಅತಿ ಪ್ರತಿಷ್ಠಿತ ಹನ್ನೆರಡು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇ 1ರ ಮನೆಗಳ ಮಕ್ಕಳು ಸೇರಿ ಓದುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು ಎಂದು 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ತೋರಿಸಿದರು. ಅಲ್ಲೇ ಓದಿದವರ ಮಕ್ಕಳಿಗೆ ಆದ್ಯತೆ ಕೊಡುವುದು ಇದಕ್ಕೊಂದು ದೊಡ್ಡ ಕಾರಣ. ವಂಶಪಾರಂಪರ್ಯ ನಮ್ಮ ಕಾಯಿಲೆ ಮಾತ್ರ ಎಂದುಕೊಂಡಿದ್ದೆವು.

ಅಳಿಯಂದಿರ ದೂರಿನಲ್ಲಿ ಒಂದಂಶ ನ್ಯಾಯವಾದದ್ದೇ. ಶ್ರೀಮಂತ ಜಿಲ್ಲೆಗಳಿಂದ ಬರುವ ಹಣ ಹೆಚ್ಚಿದಷ್ಟೂ ಟೆಕ್ಸಸ್ ಸರ್ಕಾರ ತನ್ನ ಬೊಕ್ಕಸದಿಂದ ಕೊಡಬೇಕಾದ ಹೊರೆ ಹಗುರವಾಗುತ್ತದೆ. ಅವರು ಗೊಣಗಬೇಕಾದದ್ದು ಎಜ್‌ವುಡ್‌ನ ಮಕ್ಕಳ ಮೇಲಲ್ಲ, ರಾಜ್ಯದ ರಾಜಧಾನಿ ಆಸ್ಟಿನ್ನಿನಲ್ಲಿ ಕುಳಿತ ಶಾಸಕರ ಮೇಲೆ. ಮುಂದಿನ ಸಲ ಹೋದಾಗ ಸ್ಯಾನ್ ಆಂಟೋನಿಯೊಗೂ ಕರೆದುಕೊಂಡು ಹೋಗಲು ಹೇಳಿ. ಎಜ್‌ವುಡ್‌ನಿಂದ ಅಲಾಮೊ ಹೈಟ್ಸ್‌ಗೆ ಕಾರಿನಲ್ಲಿ ಹೆಚ್ಚು ಹೊತ್ತು ಬೇಕಾಗಿಲ್ಲ. ಕಂಡದ್ದನ್ನು ಬರೆದು ಕಳುಹಿಸಿ. ನಮ್ಮನ್ನು ಬೈದಿದ್ದರೂ ಪೂರ್ತಿಯಾಗಿ ಪ್ರಕಟಿಸುತ್ತೇವೆ.

– ಸಂಪಾದಕ