ವಿಶ್ವಸಂಸ್ಥೆಯ ಒಪ್ಪಂದದಿಂದ ಗಾರ್ಮೆಂಟ್ಸ್‌ ಕೆಲಸದವಳಿಗೆ ಏನು ಸಿಕ್ಕಿತು?

ವಿಶ್ವಸಂಸ್ಥೆಯ ಮಹಿಳಾ ಹಕ್ಕುಗಳ ಒಪ್ಪಂದವನ್ನು ಭಾರತ ಒಪ್ಪಿದೆಯಲ್ಲ, ಅದರಿಂದ ಗಾರ್ಮೆಂಟ್ಸ್‌ಗೆ ಹೋಗುವ ನಮ್ಮಕ್ಕನಿಗೆ ಏನು ಸಿಕ್ಕಿತು ಅಂತ ಕೇಳಿದ್ದೀರಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಆದರೆ ದೂರು ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿತು. ಅದೂ ಸುಮ್ನೆ ಸಿಗಲಿಲ್ಲ.

1992ರಲ್ಲಿ ರಾಜಸ್ಥಾನದ ಭಟೇರಿ ಹಳ್ಳಿಯಲ್ಲಿ ಸರ್ಕಾರಿ ಯೋಜನೆಯ ಸಾಥಿನ್ (ಹಳ್ಳಿಯ ಮಹಿಳಾ ಕಾರ್ಯಕರ್ತೆ) ಒಬ್ಬರು ವರ್ಷ ತುಂಬದ ಕೂಸಿನ ಮದುವೆ ತಡೆಯಲು ಹೋದರು. ಆ ಸಿಟ್ಟಿಗೆ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಇದನ್ನು ಬರೆಯುವಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೆಲಸ ಮಾಡಿದ್ದಕ್ಕೇ ಹೆಣ್ಣಿನ ಮೇಲೆ ದಾಳಿಯಾದರೆ ಅವಳನ್ನು ಕಾಯುವವರು ಯಾರು ಅಂತ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಅದೇ ವಿಶಾಖಾ ಪ್ರಕರಣ.

ಆಗ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಅಂತಲೇ ಕಾನೂನು ಇರಲಿಲ್ಲ. ಆದರೆ 1993ರಲ್ಲಿ ಭಾರತ ಆ ಒಪ್ಪಂದವನ್ನು, ಅಂದರೆ ಸೀಡಾವನ್ನು, ಅನುಮೋದಿಸಿತ್ತು. ನಮ್ಮ ಕಾನೂನು ಸುಮ್ಮನಿರುವ ಕಡೆ, ಅದಕ್ಕೆ ವಿರುದ್ಧವಾಗದಂತೆ, ಒಪ್ಪಂದವನ್ನು ಮೂಲಭೂತ ಹಕ್ಕುಗಳ ಜೊತೆ ಸೇರಿಸಿ ಓದಬಹುದು ಎಂದು 1997ರ ಆಗಸ್ಟ್ 13ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ಹೇಳಿತು. ಅದರ ಮೇಲೆ, ಕೆಲಸದ ಜಾಗಗಳಲ್ಲಿ ದೂರು ಕೇಳುವ ಸಮಿತಿ ಇರಬೇಕು ಅಂತ ಆದೇಶ ಮಾಡಿತು. ದೂರು ಸಮಿತಿ ಹುಟ್ಟಿದ್ದು ಅಲ್ಲಿ. ಸಂಸತ್ತು ಕಾನೂನು ಮಾಡಿದ್ದು 2013ರಲ್ಲಿ. ಹದಿನಾರು ವರ್ಷ!

ಹಾಗಂತ ಒಪ್ಪಂದ ಹಿಡಿದುಕೊಂಡು ನೇರವಾಗಿ ವಿಶ್ವಸಂಸ್ಥೆಯ ಸೀಡಾ ಸಮಿತಿಗೆ ದೂರು ಕೊಡೋಕಾಗಲ್ಲ. ಅದಕ್ಕೆ ಬೇಕಾದ 1999ರ ಪೂರಕ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮದುವೆ, ಕುಟುಂಬದ ವಿಷಯದಲ್ಲಿ ಸಮುದಾಯಗಳು ತಾವಾಗಿ ಮುಂದೆ ಬರದೆ ಕೈಹಾಕುವುದಿಲ್ಲ ಅಂತಲೂ ಬರೆದುಕೊಟ್ಟಿದೆ. ಹೆಣ್ಣಿಗೆ ಜಾಸ್ತಿ ಅನ್ಯಾಯ ಆಗೋದು ಮನೆಯೊಳಗೇ ಅಲ್ವಾ? ನನಗೆ ಇದು ಒಪ್ಪಿಗೆಯಿಲ್ಲ.

ಇನ್ನು ನಿಮ್ಮಕ್ಕನ ವಿಷಯ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಕಡೆಯೆಲ್ಲ ಆಂತರಿಕ ಸಮಿತಿ, ಅಂದರೆ ಆ ದೂರು ಸಮಿತಿ, ಇರಲೇಬೇಕು. ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಹೊರಗಿನವರೊಬ್ಬರು ಇರಬೇಕು. ನಾನು ಒಂದು ಫ್ಯಾಕ್ಟರಿಯಲ್ಲಿ ಹಾಗೆ ಹೊರಗಿನ ಸದಸ್ಯೆ. ಅಲ್ಲಿ ಸಮಿತಿಯ ನೋಟಿಸು ಇಂಗ್ಲಿಷಿನಲ್ಲಿತ್ತು, ಅದೂ ಸೂಪರ್‌ವೈಸರ್ ಕುರ್ಚಿಯ ಹಿಂದಿನ ಗೋಡೆಗೆ. ಅವನ ಮೇಲೇ ದೂರು ಇರುವವಳು ಅಲ್ಲಿ ನಿಂತು ಓದುತ್ತಾಳಾ? ಜಗಳ ಮಾಡಿ ಕನ್ನಡದಲ್ಲಿ ಬರೆಸಿ, ಊಟದ ಕೋಣೆಯ ಕೈತೊಳೆಯುವ ಜಾಗದ ಹತ್ತಿರ ಅಂಟಿಸಿದೆವು.

ದೂರನ್ನು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಬರೆಯೋಕೆ ಬರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮನೆಗೆಲಸದವರಿಗೂ ಅದೇ ದಾರಿ.

ಸಮಿತಿಯಲ್ಲಿ ಯಾರ್ಯಾರಿದ್ದಾರೆ ಅಂತ ಅಕ್ಕನನ್ನು ಕೇಳಿ ನೋಡಿ. ಗೊತ್ತಿಲ್ಲ ಅಂದರೆ ನಾಲ್ಕೈದು ಜನ ಜೊತೆಯಾಗಿ ಹೋಗಿ ಆಫೀಸಿನಲ್ಲಿ ಕೇಳಲಿ. ಸಮಿತಿಯೇ ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಬೀಳುತ್ತದೆ.