ಗಾಳಿ ಸತ್ತ ರಾತ್ರಿ ಕಂದಕಕ್ಕೆ ಇಳಿಯಬೇಡಿ

ಪ್ರಶ್ನೆ: 1991ರ ಕುವೈತ್ ಯುದ್ಧದ ಚಿತ್ರಗಳಲ್ಲಿ ಉರಿಯುವ ಎಣ್ಣೆಬಾವಿಗಳ ಹತ್ತಿರವೇ ಸೈನಿಕರು ಮುಖವಾಡವಿಲ್ಲದೆ ನಿಂತಿರುತ್ತಾರೆ. ಅಲ್ಲಿ ವಿಷಾನಿಲ ಇರಲಿಲ್ಲವೇ? ಹವಾಮಾನ ಬದಲಾದರೆ ಅಪಾಯವೂ ಬದಲಾಗುತ್ತದೆಯೇ?
- ಮಾಜಿ ಸುಬೇದಾರ್, ಮಡಿಕೇರಿ

ಉತ್ತರ: ಸುಬೇದಾರ್ ಸಾಹೇಬರೇ, ಆ ಬೆಂಕಿ ಆರಿದ ಮರುವರ್ಷ ನಾನು ಕುವೈತಿಗೆ ಹೋದವನು. ಎಣ್ಣೆಬಾವಿಗಳ ಸುರಕ್ಷತಾ ವಿಭಾಗದಲ್ಲಿ ಸಂಬಳ ತಿಂದಿದ್ದೇನೆ. ನೋಡಲು ಭಯಂಕರವಾಗಿದ್ದ ಬೆಂಕಿಯೇ ಅವರನ್ನು ಒಂದಿಷ್ಟು ಕಾಪಾಡಿತು ಅಂದರೆ ನಂಬುತ್ತೀರಾ?

ಕಚ್ಚಾ ಎಣ್ಣೆಯ ಜೊತೆ ಬರುವ ಕೊಲೆಗಾರ ಹೈಡ್ರೋಜನ್ ಸಲ್ಫೈಡ್. ನಮ್ಮವರ ಬಾಯಲ್ಲಿ ಎಚ್‌ಟೂಎಸ್. ಅದು ಉರಿದರೆ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅದೂ ವಿಷವೇ, ಕಣ್ಣುರಿ, ಕೆಮ್ಮು ತರುತ್ತದೆ. ಆದರೆ ಆರುನೂರಕ್ಕೂ ಹೆಚ್ಚು ಬಾವಿಗಳ ಕಾವು ಹೊಗೆಯನ್ನು ಸಾವಿರಾರು ಅಡಿ ಮೇಲಕ್ಕೆ ಎತ್ತಿಬಿಡುತ್ತಿತ್ತು. ವಾಯವ್ಯದಿಂದ ಶಮಾಲ್ ಎಂಬ ಗಾಳಿ ಬೀಸಿದರೆ ಹೊಗೆ ಸೌದಿ ಕಡೆಗೆ. ದಕ್ಷಿಣದ ಗಾಳಿ ಎದ್ದರೆ ನಗರದ ದಕ್ಷಿಣಕ್ಕಿರುವ ಬುರ್ಗಾನ್ ಬಾವಿಗಳ ಮಸಿಯೆಲ್ಲ ಕುವೈತ್ ನಗರದ ಮೇಲೆ, ಮಧ್ಯಾಹ್ನವೇ ಕತ್ತಲು. ಮಳೆ ಬಂದರೆ ಕರಿ ಹನಿ.

ನನಗೆ ಹೆದರಿಕೆ ಇದ್ದದ್ದು ಉರಿಯದೆ ಸುಮ್ಮನೆ ಚಿಮ್ಮುವ ಬಾವಿಯ ಬಗ್ಗೆ. ಅಲ್ಲಿ ಅನಿಲವನ್ನು ಮೇಲೆತ್ತಲು ಕಾವಿಲ್ಲ. ಎಚ್‌ಟೂಎಸ್ ಗಾಳಿಗಿಂತ ಸುಮಾರು 1.2 ಪಟ್ಟು ಭಾರ, ನೀರಿನ ಹಾಗೆ ತಗ್ಗು ಹುಡುಕುತ್ತದೆ. ಹಗಲಲ್ಲಿ ಕಾದ ಮರಳು ಗಾಳಿಯನ್ನು ಕಲಕುತ್ತಿರುತ್ತದೆ, ಅನಿಲ ತೆಳುವಾಗುತ್ತದೆ. ಚಳಿಗಾಲದ ರಾತ್ರಿ, ಆಕಾಶ ಶುಭ್ರ, ಎಲೆ ಅಲುಗದಷ್ಟು ಗಾಳಿ: ಮರಳು ಬೇಗ ತಣ್ಣಗಾಗಿ ನೆಲದ ಗಾಳಿ ತಂಪಾಗುತ್ತದೆ, ಅದರ ಮೇಲೆ ಬಿಸಿ ಗಾಳಿ ಮುಚ್ಚಳ ಹಾಕಿದಂತೆ ಕೂರುತ್ತದೆ. ನಿಮ್ಮ ಕೊಡಗಿನ ಕಣಿವೆಯಲ್ಲಿ ಡಿಸೆಂಬರ್ ಬೆಳಿಗ್ಗೆ ಒಲೆಯ ಹೊಗೆ ಮೇಲೇಳದೆ ಗದ್ದೆಯ ಮೇಲೆ ಚಾಪೆ ಹಾಸಿ ಮಲಗುತ್ತದಲ್ಲ, ಅದೇ.

ಸೈನಿಕನಿಗೆ ತೊಂದರೆ ಇರುವುದು ಇಲ್ಲೇ. ಗುಂಡು ಬಂದರೆ ಕಂದಕಕ್ಕೆ ಇಳಿ ಎಂದು ನಿಮಗೆ ಕಲಿಸಿದ್ದಾರೆ. ಈ ಅನಿಲ ನಿಮಗಿಂತ ಮೊದಲೇ ಅಲ್ಲಿ ಇಳಿದಿರುತ್ತದೆ.

ಮೂಗನ್ನೂ ನಂಬುವಂತಿಲ್ಲ. ಒಂದು ಜನವರಿ ನಸುಕಿನಲ್ಲಿ ಬಾವಿಯ ಬುಡದ ಗುಂಡಿಗೆ (ಸೆಲ್ಲರ್ ಅನ್ನುತ್ತಿದ್ದೆವು) ಹೊಸ ಹುಡುಗನೊಬ್ಬ ಬಗ್ಗಿದ. ಗಾಳಿಯ ದಿಕ್ಕು ತೋರಿಸಲು ಕಂಬದ ಮೇಲೆ ಕಟ್ಟಿದ್ದ ಗಾಳಿಚೀಲ ಒದ್ದೆ ಟವೆಲ್‌ನಂತೆ ಜೋತುಬಿದ್ದಿತ್ತು. "ಕೊಳೆತ ಮೊಟ್ಟೆ ವಾಸನೆ ಸಾರ್" ಅಂದ. ಸ್ವಲ್ಪ ಹೊತ್ತಿಗೆ, "ಈಗ ಹೋಯಿತು ಸಾರ್" ಅಂದ. ವಾಸನೆ ಹೋಗಿರಲಿಲ್ಲ, ಮೂಗು ಹೋಗಿತ್ತು! ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು ಈ ಅನಿಲವಿದ್ದರೆ ಕೆಲವೇ ನಿಮಿಷಕ್ಕೆ ಮೂಗು ಮರಗಟ್ಟುತ್ತದೆ. 1000 ಪಾಲಾದರೆ ಒಂದೆರಡು ಉಸಿರಿಗೇ ಆಸಾಮಿ ನೆಲಕ್ಕೆ. ನಮ್ಮ ಎದೆಗೆ ಸಿಕ್ಕಿಸಿದ ಅನಿಲ ಮೀಟರುಗಳು 10 ಪಾಲಿಗೇ ಕಿರುಚುವಂತೆ ಇಟ್ಟಿದ್ದವು. ಅವನದು ಕಿರುಚುತ್ತಲೇ ಇತ್ತು, ಪುಣ್ಯಾತ್ಮ ಬ್ಯಾಟರಿ ಕೆಟ್ಟಿದೆ ಅಂದುಕೊಂಡಿದ್ದ. ಕಾಲರ್ ಹಿಡಿದು ದಿಬ್ಬದ ಮೇಲಕ್ಕೆ ಎಳೆದೆ. ಎರಡು ದಿನ ತಲೆನೋವು ಎಂದು ಮಲಗಿದ್ದ, ಅಷ್ಟೇ.

ಹಾಗಾಗಿ ಅನಿಲದ ಸುಳಿವು ಸಿಕ್ಕರೆ ಗಾಳಿಗೆ ಅಡ್ಡವಾಗಿ ಸರಿದು, ಆಮೇಲೆ ಗಾಳಿ ಬರುವ ದಿಕ್ಕಿನ ಎತ್ತರಕ್ಕೆ ಹತ್ತಬೇಕು. ಡೇರೆಯೂ ಅಲ್ಲೇ. ಗಾಳಿಚೀಲ ಜೋತುಬಿದ್ದ ನಸುಕಿನಲ್ಲಿ ನಾವು ಬಿಸಿಲೇರುವವರೆಗೆ, ಅಂದರೆ ಒಂಬತ್ತು ಗಂಟೆಯವರೆಗೂ, ಆ ಗುಂಡಿಗಳ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಮೇಲಿನವರು ಬೈಯುತ್ತಿದ್ದರು, ಬೈಯಲಿ ಬಿಡಿ.